ಕೂಗಮ್ಮ ಕಟಕಟೆ ಹತ್ತಿದ ದಿನ

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಸಂಬಳದ ಪಟ್ಟಿ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಗೆ ಬರುತ್ತಿರಲಿಲ್ಲ. ವಕೀಲರಿಗೆ, ಗುಮಾಸ್ತರಿಗೆ, ಪೊಲೀಸರಿಗೆ, ಕೊನೆಗೆ ವಾಯಿದೆಗೆ ಬಂದು ಬಂದು ಕೋರ್ಟನ್ನೇ ಎರಡನೇ ಮನೆ ಮಾಡಿಕೊಂಡ ಕಳ್ಳಕಾಕರಿಗೂ ಅವಳು ಕೂಗಮ್ಮ. ಮಹಡಿ ಮೇಲಿನ ಎರಡನೇ ನಂಬರ್ ಹಾಲಿನ ಬಾಗಿಲಲ್ಲಿ ನಿಂತು, ಒಳಗಿನಿಂದ ಗಂಟೆ ಬಾರಿಸಿದ ಕೂಡಲೇ ಕೇಸಿನವರ ಹೆಸರು ಕೂಗುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಳು. ನೆಗಡಿಯಾದಾಗಲೂ ಗಂಟಲಿಗೆ ರಜೆ ಕೊಟ್ಟವಳಲ್ಲ.

ಕೂಗುವುದೆಂದರೆ ಸುಮ್ಮನೆ ಬಾಯಿ ಬಿಡುವುದು ಅಂದುಕೊಂಡೀರಿ ಮತ್ತೆ. ಒಬ್ಬೊಬ್ಬರ ಹೆಸರನ್ನೂ ಮೂರು ಸಲ ಕೂಗಬೇಕು, ಅದು ಪದ್ಧತಿ. ಮೊದಲನೆಯದು ಮೊಗಸಾಲೆಯ ಉದ್ದಕ್ಕೆ, ಎರಡನೆಯದು ಮೆಟ್ಟಿಲ ಕಡೆಗೆ, ಮೂರನೆಯದು ಕಿಟಕಿಯಿಂದ ಕೆಳಗಿನ ಚಹಾದಂಗಡಿಯ ಕಡೆಗೆ. ಮೂರನೆಯದಕ್ಕೂ ಯಾರೂ ಓಗೊಡದಿದ್ದರೆ ಮುಗಿಯಿತು. ಒಳಗೆ ನ್ಯಾಯಾಧೀಶರು ಕಡತದಲ್ಲಿ ಒಂದು ಸಾಲು ಬರೆಯುತ್ತಾರೆ, ಜಾಮೀನು ರದ್ದಾಗುತ್ತದೆ, ವಾರಂಟ್ ಹೊರಡುತ್ತದೆ. ಇದನ್ನು ಬಲ್ಲ ಕೂಗಮ್ಮ ಎರಡನೇ ಕೂಗಿಗೂ ಮೂರನೇ ಕೂಗಿಗೂ ನಡುವೆ ಸ್ವಲ್ಪ ಜಾಗ ಇಡುತ್ತಿದ್ದಳು. ಒಂದು ಗುಟುಕು ನೀರು ಕುಡಿಯುವುದು, ಕನ್ನಡಕ ಒರೆಸಿಕೊಳ್ಳುವುದು, ಇಲ್ಲದ ಕೆಮ್ಮು ಕೆಮ್ಮುವುದು. ಅಷ್ಟರಲ್ಲಿ ಎಷ್ಟೋ ಜನ ಎದ್ದೆನೋ ಬಿದ್ದೆನೋ ಅಂತ ಮೆಟ್ಟಿಲು ಹತ್ತಿ ಬಂದು ಬಚಾವಾಗಿದ್ದರು. ನ್ಯಾಯಾಧೀಶರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವರೂ ಆಗ ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು.

ಮನೆಯಲ್ಲಿ ಅವಳ ಗಂಡ. ಬಸ್ಸು ಓಡಿಸಿ ನಿವೃತ್ತನಾದವನು. ಇಂಜಿನ್ ಪಕ್ಕದಲ್ಲೇ ಆಯಸ್ಸು ಕಳೆದಿದ್ದರಿಂದ ಕಿವಿ ಸ್ವಲ್ಪ ಮಂದ. "ಇಡೀ ಕೋರ್ಟಿಗೆ ಕೇಳೋ ಹಾಗೆ ಕೂಗ್ತೀಯ, ನನ್ನ ಹತ್ರ ಮಾತ್ರ ಪಿಸುಗುಡ್ತೀಯ" ಅಂತ ಅವನ ದೂರು. "ಅಲ್ಲಿ ಸಂಬಳ ಕೊಡ್ತಾರೆ" ಅಂತ ಅವಳ ಉತ್ತರ. ಇಬ್ಬರೂ ಒಬ್ಬರನ್ನೊಬ್ಬರು ರೇಗಿಸಿಕೊಂಡು ಚೆನ್ನಾಗಿಯೇ ಇದ್ದರು. ಅವಳ ಪಿಂಚಣಿಗೆ ಇನ್ನು ಮೂರು ವರ್ಷ ಬಾಕಿ. ಅವಳಿಗೆ ಬೇಕಾದದ್ದೆಲ್ಲ ಇತ್ತು, ಇನ್ನೂ ಬೇಕು ಅನ್ನುವ ಚಟ ಇರಲಿಲ್ಲ.

ಇಂಥವಳ ನೆಮ್ಮದಿಗೆ ಕಲ್ಲು ಬಿದ್ದದ್ದು ಒಬ್ಬ ಗಾಜಿನವನಿಂದ.

ಈ ಗಾಜಿನವನು ಕಿಟಕಿ ಬಾಗಿಲುಗಳಿಗೆ ಗಾಜು ಕೂರಿಸುವವನು. ಮೂವತ್ತೈದರ ಆಸುಪಾಸು, ಸೊರಗಿದ ಮೈ, ಬೆರಳ ತುಂಬ ಸಣ್ಣ ಸಣ್ಣ ಗಾಯದ ಗೆರೆ. ಬೀದಿಯ ಕ್ಷೌರಿಕನ ಅಂಗಡಿಗೆ ದೊಡ್ಡ ಕನ್ನಡಿ ಹಾಕಿಕೊಟ್ಟಿದ್ದ. ಕನ್ನಡಿ ಒಂದು ಕಡೆ ವಾಲಿದೆ ಅಂತ ಕ್ಷೌರಿಕ, ನಿನ್ನ ಗೋಡೆಯೇ ವಾಲಿದೆ ಅಂತ ಇವನು. ಮಾತಿಗೆ ಮಾತು ಬೆಳೆದು, ಕೈಗೆ ಕೈ ಹತ್ತಿ, ಕನ್ನಡಿ ಪುಡಿಯಾಗಿ, ಕ್ಷೌರಿಕನ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಕೇಸು ಆಯಿತು. ಜಾಮೀನು ಸಿಕ್ಕಿತು. ಕರೆದ ದಿನವೆಲ್ಲ ಬರುತ್ತೇನೆ ಅಂತ ಗಾಜಿನವನು ಸಹಿ ಮಾಡಿದ.

ಆಮೇಲೆ ನೋಡಿ, ಒಂದೇ ಬೀದಿಯಲ್ಲಿ ಎದುರುಬದುರು ಇರುವವರು ಎಷ್ಟು ದಿನ ಮುಖ ತಿರುಗಿಸಿಕೊಂಡಿರಲಾದೀತು? ತಿಂಗಳೊಪ್ಪತ್ತಿನಲ್ಲಿ ಇಬ್ಬರೂ ರಾಜಿಯಾದರು. ಗಾಜಿನವನು ಪುಕ್ಕಟೆ ಹೊಸ ಕನ್ನಡಿ ಹಾಕಿಕೊಟ್ಟ. ಕ್ಷೌರಿಕ ಅದೇ ಕನ್ನಡಿಯ ಮುಂದೆ ಅವನನ್ನು ಕೂರಿಸಿ ತಲೆ ನೇವರಿಸಿ ಕೂದಲು ಕತ್ತರಿಸಿದ. ಹೊಡೆಸಿಕೊಂಡವನೇ ಹೋಗಲಿ ಬಿಡು ಅಂದಮೇಲೆ ಕೋರ್ಟಿಗೇನು ಕೆಲಸ ಅಂತ ಇಬ್ಬರೂ ತೀರ್ಮಾನಿಸಿಬಿಟ್ಟರು. ಒಬ್ಬನಿಗಾದರೂ ವಕೀಲರನ್ನು ಒಂದು ಮಾತು ಕೇಳೋಣ ಅನ್ನಿಸಲಿಲ್ಲ. ಅಂಗಡಿಯಲ್ಲಿ ಆದ ರಾಜಿ ಕೋರ್ಟಿಗೆ ಹೇಗೆ ಗೊತ್ತಾಗಬೇಕು, ಹೇಳಿ? ಎರಡು ವಾಯಿದೆ ಬಂದು ಹೋದವು. ಕೂಗಮ್ಮ ಎರಡೂ ಸಲ ಅವನ ಹೆಸರನ್ನು ಮೂರು ಮೂರು ಸಲ ಕೂಗಿದಳು. ಎರಡನೇ ವಾಯಿದೆಯ ದಿನ ಎರಡು ಲೋಟ ನೀರು ಕುಡಿದು ಕಾದಳು. ಬರಲಿಲ್ಲ. ಮೊದಲ ಸಲ ನ್ಯಾಯಾಧೀಶರು ಹೋಗಲಿ ಅಂತ ಬಿಟ್ಟಿದ್ದರು, ಈ ಸಲ ವಾರಂಟ್ ಹೊರಟಿತು.

ಸುದ್ದಿ ತಿಳಿದದ್ದೇ ಗಾಜಿನವನಿಗೆ ಕೈಕಾಲು ಆಡಲಿಲ್ಲ. ಮರುದಿನ ಬೆಳಿಗ್ಗೆಯೇ ಕ್ಷೌರಿಕನ ಸ್ಕೂಟರಿನ ಹಿಂದೆ ಕೂತು ತಾನಾಗಿ ಕೋರ್ಟಿಗೆ ಬಂದ. ಹಾಗೆ ಬಂದವರಿಗೆ ಸಾಮಾನ್ಯವಾಗಿ ಒಂದು ಬೈಗುಳ, ಒಂದು ಎಚ್ಚರಿಕೆ, ಅಷ್ಟೇ. ಅಂದು ನ್ಯಾಯಾಧೀಶರಿಗೆ ಕೈತುಂಬ ಕೆಲಸ. "ಊಟಕ್ಕೆ ಮುಂಚೆ ಇವರ ವಿಷಯ ನೋಡ್ತೀನಿ, ಅಲ್ಲೀತನಕ ಪೊಲೀಸರ ವಶದಲ್ಲಿರಲಿ" ಅಂದರು. ಅವರು ನಲವತ್ತು ದಾಟದ ಹೆಂಗಸು, ಮಾತು ಕಡಿಮೆ, ಕಡತ ಓದದೆ ಬಾಯಿ ತೆರೆಯದವರು. ಕೋರ್ಟಿನ ಪೇದೆ ಗಾಜಿನವನನ್ನು ಮೊಗಸಾಲೆಯ ಬೆಂಚಿನ ಮೇಲೆ ಕೂರಿಸಿ, ಪುಸ್ತಕದಲ್ಲಿ ಬರೆದುಕೊಂಡು, "ಅಲ್ಲಾಡಬೇಡ" ಅಂತ ಹೇಳಿ ಚಹಾಕ್ಕೆ ಇಳಿದ.

ಗಾಜಿನವನು ಅಲ್ಲಾಡಲಿಲ್ಲ. ಆದರೆ ಅವನ ಕಣ್ಣು ಸುಮ್ಮನಿರಬೇಕಲ್ಲ. ಎದುರಿಗೇ ಮೆಟ್ಟಿಲ ಮೇಲಿನ ದೊಡ್ಡ ಕಿಟಕಿ. ಅದರ ಮೇಲಿನ ಗಾಜು ಗಾಳಿ ಬೀಸಿದಾಗಲೆಲ್ಲ ಕಟಕಟ ಅನ್ನುತ್ತಿತ್ತು.

"ಅಕ್ಕಾ, ಆ ಗಾಜು ಇವತ್ತು ಬೀಳುತ್ತೆ" ಅಂದ.

"ಒಂದು ವರ್ಷದಿಂದ ಹಾಗೇ ಅಲ್ಲಾಡ್ತಿದೆ. ಮೂರು ಸಲ ಬರೆದು ಹಾಕಿಸಿದೀನಿ, ಯಾವನೂ ಬಂದಿಲ್ಲ."

"ಅಲ್ಲಾಡೋದು ಬೇರೆ, ಬೀಳೋದು ಬೇರೆ ಅಕ್ಕಾ. ಸದ್ದು ಕೇಳಿ. ಕೆಳಗಿನ ಪಟ್ಟಿ ಬಿಟ್ಟಿದೆ. ಬಿದ್ರೆ ನೇರ ಅವರ ಮೇಲೇನೇ."

ಕೂಗಮ್ಮ ಬಗ್ಗಿ ನೋಡಿದಳು. ಕಿಟಕಿಯ ಕೆಳಗೆ, ಮೆಟ್ಟಿಲ ಮೇಲೆ, ಏಳೆಂಟು ಜನ ಕೂತಿದ್ದರು. ಒಬ್ಬಳು ಮಡಿಲಲ್ಲಿ ಕೂಸನ್ನು ಮಲಗಿಸಿಕೊಂಡಿದ್ದಳು.

"ನಿನ್ನ ಕೈಲಾಗುತ್ತೇನಪ್ಪ?"

"ನಾಲ್ಕು ಮೊಳೆ, ಗಾಜು ಕಚ್ಚಿಸೋಕೆ ಒಂದು ಉಂಡೆ ಪುಟ್ಟಿ. ಇಲ್ಲಿಂದ ಹಾಗೇ ಕೆಲಸಕ್ಕೆ ಹೋಗೋಣ ಅಂತ ಸಾಮಾನು ತಂದಿದ್ದೆ, ಸ್ಕೂಟರಿನ ಡಬ್ಬೀಲೇ ಇದೆ. ಹತ್ತು ನಿಮಿಷದ ಕೆಲಸ. ಆದ್ರೆ ಪೇದೆ..."

"ಹೋಗು, ತಗೊಂಡು ಬಾ. ನಾನು ಹೇಳ್ತೀನಿ ಅವನಿಗೆ."

ಇದು ಕೂಗಮ್ಮ ಆಡಿದ ಮಾತು. ಅಕ್ಷರಶಃ ಇದೇ. ಮಾಡಿದ್ದೂ ಅರ್ಧ ಅವಳೇ. ಮೆಟ್ಟಿಲ ಮೇಲಿದ್ದವರನ್ನೆಲ್ಲ ಗದರಿಸಿ ಎಬ್ಬಿಸಿದಳು, ಹೊರಗೋಡೆಗೆ ಹಾಕಿ ಹತ್ತಲು ಮಾಲಿಯ ಏಣಿ ಎಲ್ಲಿದೆ ಅಂತ ಗಾಜಿನವನಿಗೆ ತೋರಿಸಿಕೊಟ್ಟಳು. ಅಷ್ಟರಲ್ಲಿ ಒಳಗಿನಿಂದ ಗಂಟೆ ಬಾರಿಸಿತು. ಸಾಕ್ಷಿಯ ಕೈಗೆ ಒಂದು ಕಾಗದ ಕೊಡಬೇಕು, ಇನ್ನೊಂದನ್ನು ಗುಮಾಸ್ತರಿಗೆ ಮುಟ್ಟಿಸಬೇಕು ಅಂತ ಒಳಗೇ ಕಾಲು ಗಂಟೆ ಹಿಡಿಯಿತು. ಪೇದೆಗೆ ಹೇಳುವ ಮಾತು ಅವಳ ಬಾಯಲ್ಲೇ ಉಳಿಯಿತು.

ಚಹಾ ಕುಡಿದು ಬಂದ ಪೇದೆಗೆ ಕಂಡದ್ದು ಖಾಲಿ ಬೆಂಚು. ಪಾಪ, ಅವನದ್ದೂ ಹೊಟ್ಟೆಪಾಡು. ಕೈದಿ ತಪ್ಪಿಸಿಕೊಂಡರೆ ಮೊದಲು ಹೋಗುವುದು ಅವನ ಕೆಲಸವೇ. ಕಟ್ಟಡ ಸುತ್ತಿ ನೋಡುವ ವ್ಯವಧಾನವೂ ಇಲ್ಲದೆ ಠಾಣೆಗೆ ಫೋನು ಮಾಡಿ, ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಆರೋಪಿ ಪರಾರಿ ಅಂತ ಬರೆಸಿಬಿಟ್ಟ. ಹನ್ನೆರಡೂ ಕಾಲಿಗೆ ಒಳಗೆ ಗಂಟೆ ಬಾರಿಸಿತು, ಗಾಜಿನವನ ಸರದಿ ಬಂತು. ಕೂಗಮ್ಮ ಬಾಗಿಲಿಗೆ ಬಂದು ಅವನ ಹೆಸರು ಒಂದು ಸಲ ಕೂಗಿದಳು.

"ಇದ್ದೀನಿ ಅಕ್ಕಾ, ಒಂದೇ ಮೊಳೆ" ಅಂತ ಕಿಟಕಿಯ ಆಚೆಯಿಂದ ಉತ್ತರ ಬಂತು. ಗಾಜಿನ ಹಿಂದೆ ಅವನ ಮುಖ, ಬಾಯಲ್ಲಿ ಮೊಳೆ, ಕೈಯಲ್ಲಿ ಸುತ್ತಿಗೆ.

ಆದರೆ ಒಮ್ಮೆ ಬರೆದದ್ದನ್ನು ಬರೆದೇ ಇಲ್ಲ ಅನ್ನಲು ಯಾವ ಠಾಣೆಯಲ್ಲೂ ಜಾಗವಿಲ್ಲ. ಒಂದು ಕೇಸಿಗೆ ಬಂದವನ ಮೇಲೆ ಈಗ ಇನ್ನೂ ಎರಡು ಹೊರೆ: ಜಾಮೀನಿನ ಮೇಲಿದ್ದು ವಾಯಿದೆ ತಪ್ಪಿಸಿದ್ದು, ವಶದಿಂದ ಪರಾರಿಯಾಗಿದ್ದು. ಎರಡನೆಯದು ಸಾಬೀತಾದರೆ ಎರಡು ವರ್ಷ ಜೈಲು. ನ್ಯಾಯಾಧೀಶರು ಕೇಳಿದರು: "ಬೆಂಚು ಬಿಟ್ಟು ಹೋಗು ಅಂತ ನಿಮಗೆ ಯಾರು ಹೇಳಿದ್ರು?"

ಗಾಜಿನವನು ಬಾಗಿಲ ಕಡೆ ಒಮ್ಮೆ ನೋಡಿದ. ಕೂಗಮ್ಮ ಅಲ್ಲೇ ನಿಂತಿದ್ದಳು. ಅವನು ಮುಖ ತಿರುಗಿಸಿ, "ಯಾರೂ ಇಲ್ಲ ಮೇಡಂ, ನಾನೇ ಹೋದೆ" ಅಂದ.

ಕೂಗಮ್ಮ ಕೈಯಲ್ಲಿದ್ದ ಕೇಸಿನ ಪಟ್ಟಿಯತ್ತ ಕಣ್ಣು ತಗ್ಗಿಸಿದಳು. ಕೂಗುವವರು ಹಾಲಿನ ಒಳಗೆ ಮಾತಾಡುವಂತಿಲ್ಲ ಅನ್ನುವುದು ಒಂದು ನೆಪ. ನಿಜ ಹೇಳಬೇಕೆಂದರೆ ಅವಳು ಹೆದರಿದಳು. ವಶದಲ್ಲಿದ್ದವನನ್ನು ಎಬ್ಬಿಸಿ ಕಳಿಸಿದ ನೌಕರಳನ್ನು ಯಾರು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆ? ಒಂಬತ್ತು ದಿನ ಜೈಲಿನಲ್ಲಿರಲಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ವಿಚಾರಿಸುತ್ತೇನೆ ಅಂತ ಆದೇಶವಾಯಿತು. ಗಂಟೆ ಬಾರಿಸಿತು. ಕೂಗಮ್ಮ ಮುಂದಿನವರ ಹೆಸರು ಕೂಗಿದಳು. ಆ ಕೂಗು ಎಂದಿನಂತೆಯೇ ಸರಾಗವಾಗಿ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮನೆಗೆ ಬಂದವಳು ತರಕಾರಿ ಹೆಚ್ಚಲು ಕೂತು ಬೆರಳು ಕುಯ್ದುಕೊಂಡಳು. ಎರಡು ದಿನ ಗಂಡ ಕೇಳಲಿಲ್ಲ. ಮೂರನೇ ದಿನ ಸಂಜೆ ಅವಳ ಕೈಯಿಂದ ಚಾಕು ಇಸಿದುಕೊಂಡು ತಾನೇ ಹೆಚ್ಚಲು ಕೂತ.

"ಏನಾಯ್ತು ಹೇಳು. ಜೋರಾಗಿ ಹೇಳು."

ಹೇಳಿದಳು. ಹೇಳುತ್ತಾ ಅತ್ತಳು. ಪಿಂಚಣಿಯ ಮಾತು ಬಂದಾಗ ಅವನು ಚಾಕು ಕೆಳಗಿಟ್ಟ.

"ಆ ಮನುಷ್ಯನಿಗೆ ಹೆಂಡತಿ ಮಕ್ಕಳು?"

"ಹೆಂಡತಿ ಇದ್ದಾಳೆ. ದಿನಾ ಬಂದು ಮೆಟ್ಟಿಲ ಮೇಲೆ ಕೂತಿರ್ತಾಳೆ. ನಾನು ಆ ಕಡೆ ನೋಡೋದನ್ನೇ ಬಿಟ್ಟಿದೀನಿ."

"ನೋಡು, ಇಪ್ಪತ್ತೆಂಟು ವರ್ಷ ಬಸ್ ಓಡಿಸಿದೆ. ಹಿಂದಿನ ಬಾಗಿಲಲ್ಲಿ ಯಾರೋ ಬಿದ್ರು ಅಂತ ಗೊತ್ತಾಗಿಯೂ ನಿಲ್ಲಿಸದೇ ಹೋದ ಡ್ರೈವರ್ ಒಬ್ಬನಿದ್ದ. ಯಾರಿಗೂ ಸಿಕ್ಕಿಬೀಳಲಿಲ್ಲ. ಆಮೇಲೆ ಅವನು ಊಟ ಮಾಡೋದನ್ನ ಡಿಪೋದಲ್ಲಿ ನೋಡ್ತಿದ್ದೆ. ಊಟ ಅಲ್ಲ ಅದು, ತುರುಕಿಕೊಳ್ಳೋದು." ಮತ್ತೆ ಚಾಕು ಹಿಡಿದ. "ಕೆಲಸ ಹೋದ್ರೆ ಹೋಗ್ಲಿ. ನನ್ನ ಪಿಂಚಣೀಲಿ ಇಬ್ಬರಿಗೂ ನಡೆಯುತ್ತೆ. ನೀನು ಸ್ವಲ್ಪ ಕಡಿಮೆ ತಿನ್ಬೇಕು ಅಷ್ಟೆ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಮಾರನೇ ದಿನ ಗಾಜಿನವನ ವಕೀಲರನ್ನು ಕಂಡು, ನನ್ನನ್ನು ಸಾಕ್ಷಿಯಾಗಿ ಹಾಕಿ ಅಂದಳು. ವಕೀಲರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಯೋಚನೆ ಮಾಡಿದ್ದೀಯೇನಮ್ಮ ಅಂತ ಕೇಳಿದರು. ಮಾಡಿ ಮಾಡಿ ಸಾಕಾಗಿದೆ ಅಂದಳು.

ಒಂಬತ್ತನೇ ದಿನ ಗಂಡ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಕೋರ್ಟಿಗೆ ಬಂದ. ಅಷ್ಟು ವರ್ಷದಲ್ಲಿ ಅವಳ ಕೆಲಸದ ಜಾಗ ನೋಡಿದ್ದು ಅದೇ ಮೊದಲು. ಕೇಳಿಸಲೆಂದು ಮುಂದಿನ ಸಾಲಿನಲ್ಲಿ ಕೂತವನನ್ನು ಗುಮಾಸ್ತ, ಇದು ವಕೀಲರ ಜಾಗ ಅಂತ ಎಬ್ಬಿಸಿ ಹಿಂದಕ್ಕೆ ಕಳಿಸಿದ. ಗಾಜಿನವನನ್ನು ಕರೆತಂದರು. ಮೊದಲೇ ಸೊರಗಿದವನು ಇನ್ನೂ ಇಳಿದುಹೋಗಿದ್ದ.

ಪೇದೆ ತನ್ನ ಪುಸ್ತಕ ಓದಿ ಹೇಳಿದ. ಆಮೇಲೆ ವಕೀಲರು ಎದ್ದು, ನಮ್ಮ ಕಡೆ ಒಬ್ಬರೇ ಸಾಕ್ಷಿ ಅಂದರು. ಗುಮಾಸ್ತ ಚೀಟಿ ನೋಡಿದ, ಬಾಗಿಲ ಕಡೆ ನೋಡಿದ, ಮತ್ತೆ ಚೀಟಿ ನೋಡಿದ. ಆ ಹೆಸರು ಯಾರದೆಂದು ಅವನಿಗೇ ತಕ್ಷಣ ಹೊಳೆಯಲಿಲ್ಲ, ಅಷ್ಟು ಮರೆತಿದ್ದ. ಗಂಟೆ ಬಾರಿಸಿದ.

ಸಾಕ್ಷಿಯನ್ನು ಕೂಗಿಯೇ ಕರೆಯಬೇಕು, ಕೂಗುವವಳು ತಾನೇ. ಕೂಗಮ್ಮ ಎಂದಿನಂತೆ ಮೊಗಸಾಲೆಗೆ ಮುಖ ಮಾಡಿ ತನ್ನ ಹೆಸರನ್ನು ತಾನೇ ಕೂಗಿದಳು. ಮೆಟ್ಟಿಲ ಮೇಲಿದ್ದವರೆಲ್ಲ ಯಾರು ಬರುತ್ತಾರೋ ಅಂತ ಕತ್ತೆತ್ತಿ ನೋಡಿದರು. ಅವಳು ತಿರುಗಿ, "ಇದ್ದೀನಿ" ಅಂದು ಒಳಗೆ ಬಂದು ಕಟಕಟೆ ಹತ್ತಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ.

"ಅವರಿಗೆ ಹೋಗು ಅಂತ ಹೇಳಿದ್ದು ನಾನು ಮೇಡಂ" ಅಂದಳು. ಅಭ್ಯಾಸಬಲ, ಮಾತು ಕೂಗಾಗಿಯೇ ಹೊರಬಿತ್ತು. ಕಟ್ಟಡದ ಆ ತುದಿಗೂ ಕೇಳಿಸಿತು. ಗಾಜು, ಮೊಳೆ, ಕೂಸು ಮಲಗಿಸಿಕೊಂಡಿದ್ದ ಹೆಂಗಸು, ಮಾಲಿಯ ಏಣಿ, ಒಂದೂ ಬಿಡದೆ ಹೇಳಿದಳು.

ಸರ್ಕಾರಿ ವಕೀಲರು ಎದ್ದರು. "ಅವನು ವಶದಲ್ಲಿದ್ದಾನೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹಾಗಾದ್ರೆ ತಪ್ಪು ನಿಮ್ಮದು."

"ನನ್ನದೇ ಸ್ವಾಮಿ. ಅದನ್ನ ಹೇಳೋಕೇ ಬಂದಿದ್ದು."

ನ್ಯಾಯಾಧೀಶರು ಮೊದಲ ಸಲ ತಲೆ ಎತ್ತಿದರು. "ಪೇದೆ ಆಗ ಎಲ್ಲಿದ್ರು?"

ಕೂಗಮ್ಮ ಪೇದೆಯ ಕಡೆ ನೋಡಿದಳು. ಅವನು ಮೇಲಿನ ಫ್ಯಾನು ನೋಡುತ್ತಿದ್ದ. "ಚಹಾಕ್ಕೆ ಹೋಗಿದ್ರು ಮೇಡಂ. ಎಲ್ಲರೂ ಹೋಗ್ತಾರೆ."

"ಒಂಬತ್ತು ದಿನ ಯಾಕೆ ಸುಮ್ಮನಿದ್ರಿ?"

ಇದಕ್ಕೆ ಮಾತ್ರ ಅವಳ ಸ್ವರ ಇಳಿಯಿತು. "ಹೆದರಿಕೆ ಮೇಡಂ. ನನ್ನ ಕೆಲಸ ಹೋಗುತ್ತೆ ಅಂತ. ಇಪ್ಪತ್ತೆರಡು ವರ್ಷ ಈ ಬಾಗಿಲಲ್ಲಿ ನಿಂತು ಕೂಗಿದೀನಿ. ಓಡಿಹೋದವರು ಹೇಗಿರ್ತಾರೆ ಅಂತ ನನಗೆ ಗೊತ್ತು. ಮೂರು ಸಲ ಕೂಗಿದ್ರೂ ಬರಲ್ಲ ಅವರು. ಇವರು ಒಂದೇ ಕೂಗಿಗೆ ಓಗೊಟ್ರು. ಅದು ನನಗೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ."

ನ್ಯಾಯಾಧೀಶರು ಗಾಜಿನವನ ಕಡೆ ತಿರುಗಿ, "ಇವರ ಹೆಸರು ಯಾಕೆ ಹೇಳಲಿಲ್ಲ?" ಅಂತ ಕೇಳಿದರು.

"ಅಕ್ಕ ಹೇಳಿದ್ದು ಗಾಜು ಸರಿಮಾಡು ಅಂತ ಮೇಡಂ. ಓಡಿಹೋಗು ಅಂತ ಅಲ್ಲ."

ನ್ಯಾಯಾಧೀಶರು ಅದನ್ನೂ ಬರೆದುಕೊಂಡರು. ಆಮೇಲೆ ಒಂದೊಂದಾಗಿ ಇತ್ಯರ್ಥವಾಯಿತು. ಕರೆದ ಕೂಡಲೇ ಬಂದವನನ್ನು, ಕೋರ್ಟಿನ ಆವರಣ ಬಿಟ್ಟೇ ಹೋಗದವನನ್ನು ಪರಾರಿ ಅನ್ನಲಾಗದು, ಆ ಆರೋಪ ವಜಾ. ಹಣೆಯ ಗೆರೆ ತೋರಿಸುತ್ತ ಮುಂದೆ ಬಂದ ಕ್ಷೌರಿಕ, ನಾವಿಬ್ಬರೂ ಯಾವಾಗಲೋ ಒಂದಾಗಿದ್ದೀವಿ ಅಂದ. "ಅದನ್ನ ಇಲ್ಲಿ ಬಂದು ಹೇಳಬೇಕಿತ್ತು, ನಿಮ್ಮ ಅಂಗಡೀಲಿ ಅಲ್ಲ" ಅಂತ ನ್ಯಾಯಾಧೀಶರು ಗದರಿ, ರಾಜಿಯನ್ನು ಬರೆದುಕೊಂಡು ಹೊಡೆದಾಟದ ಕೇಸು ಮುಗಿಸಿದರು. ಉಳಿದದ್ದು ಎರಡು ವಾಯಿದೆ ತಪ್ಪಿಸಿದ್ದು. ಅದು ತಪ್ಪು, ಅದಕ್ಕೆ ಶಿಕ್ಷೆ ಇರಲೇಬೇಕು ಅಂದರು. ಸಣ್ಣ ಕೋರ್ಟುಗಳಲ್ಲಿ ಒಂದು ಶಿಕ್ಷೆಯುಂಟು, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ: ಕೋರ್ಟು ಏಳುವವರೆಗೆ, ಅಂದರೆ ಅಂದಿನ ಕಲಾಪ ಮುಗಿಯುವವರೆಗೆ, ಹಾಲಿನಲ್ಲೇ ಕೂತಿರುವುದು. ಗಾಜಿನವನಿಗೆ ಅದನ್ನೇ ಕೊಟ್ಟರು.

"ನಿಮಗೆ ಒಂದು ನೋಟಿಸು ಬರುತ್ತೆ" ಅಂದರು ಕೂಗಮ್ಮನಿಗೆ. "ಬರೆದು ಉತ್ತರ ಕೊಡಿ. ಸೇವಾ ಪುಸ್ತಕದಲ್ಲಿ ಎಚ್ಚರಿಕೆ ಅಂತ ದಾಖಲಾಗುತ್ತೆ. ಕೆಲಸಕ್ಕೆ ಏನೂ ಆಗಲ್ಲ. ಈಗ ಇಳೀರಿ, ಮುಂದಿನ ಕೇಸು ಕೂಗಬೇಕು."

ಕೂಗಮ್ಮ ಇಳಿದು ಬಾಗಿಲಿಗೆ ಹೋಗಿ ಕೂಗಿದಳು.

ಅಂದಿನ ಮಧ್ಯಾಹ್ನ ಉದ್ದವೋ ಉದ್ದ. ಜಮೀನಿನ ಗಡಿಯ ಕೇಸೊಂದರಲ್ಲಿ ಇಬ್ಬರು ವಕೀಲರು ಒಂದು ಬೇಲಿಯನ್ನು ಹಿಡಿದು ಮೂರು ಗಂಟೆ ಜಗ್ಗಾಡಿದರು. ಗಾಜಿನವನು ಮೂಲೆಯ ಬೆಂಚಿನಲ್ಲಿ ಎರಡೂ ಕೈ ಮಂಡಿಯ ಮೇಲಿಟ್ಟು ಕೂತಿದ್ದ. ನೀರು ಬೇಕಾ ಅಂತ ಪೇದೆಯೇ ಹೋಗಿ ಕೇಳಿದರೂ ಬೇಡ ಅಂದ. ಕೂಗಮ್ಮನ ಗಂಡ ಹಿಂದಿನ ಸಾಲಿನಲ್ಲಿ ನಿದ್ದೆ ಹೋಗಿದ್ದ. ಐದೂವರೆಗೆ ನ್ಯಾಯಾಧೀಶರು ಕಡತ ಮುಚ್ಚಿ ಎದ್ದು ನಿಂತರು. ಕೋರ್ಟು ಎದ್ದಿತು ಅಂತ ಸಾರುವುದೂ ಕೂಗಮ್ಮನ ಕೆಲಸವೇ. ಅವಳು ಬಾಯಿ ತೆರೆದಳು, ದನಿ ಬರಲಿಲ್ಲ. ಎರಡನೇ ಸಲಕ್ಕೆ ಹೇಗೋ ಹೊರಟ ಕೂಗು ಎದುರಿನ ಗೋಡೆಯನ್ನೂ ಮುಟ್ಟಲಿಲ್ಲ.

ಎಲ್ಲರೂ ಎದ್ದರು, ಹೋದರು. ಗಾಜಿನವನು ಮಾತ್ರ ಏಳಲಿಲ್ಲ.

"ಏಳಪ್ಪ, ಮುಗೀತು. ಕೆಳಗೆ ನಿನ್ನ ಹೆಂಡತಿ ಕಾಯ್ತಿದ್ದಾಳೆ" ಅಂದಳು ಕೂಗಮ್ಮ.

ಅವನು ಅವಳ ಮುಖ ನೋಡಿದ, ಪೇದೆಯ ಮುಖ ನೋಡಿದ. "ಅಕ್ಕಾ, ಈಗ ಎದ್ರೆ... ಪುಸ್ತಕದಲ್ಲಿ ಏನೂ ಬರೆಯಲ್ಲ ತಾನೇ?"

ಕೂಗಮ್ಮ ಹೇಳಿದ ಒಂದೇ ಮಾತಿಗೆ ಎದ್ದು ಹೋದವನು, ಈಗ ಕೋರ್ಟೇ ಹೋಗು ಅಂದರೂ ಏಳಲಾರದೆ ಕೂತಿದ್ದ. ಅವಳು ಹತ್ತಿರ ಹೋಗಿ ಅವನ ಕೈ ಹಿಡಿದಳು. "ಬಾ, ನಾನೂ ಜೊತೆಗೆ ಬರ್ತೀನಿ" ಅಂದಳು. ಇಬ್ಬರೂ ಹಾಲಿನಿಂದ ಹೊರಬಿದ್ದು, ಮೊಗಸಾಲೆ ದಾಟಿ, ಒಂದೊಂದೇ ಮೆಟ್ಟಿಲು ಇಳಿದರು. ಅವನ ಕೈ ತಣ್ಣಗಿತ್ತು. ಗೇಟಿನ ಹತ್ತಿರ ಅವನ ಹೆಂಡತಿ ಎದ್ದು ನಿಂತಳು. ಅಲ್ಲಿಯವರೆಗೂ ಅವನು ಕೈ ಬಿಡಲಿಲ್ಲ, ಕೂಗಮ್ಮನೂ ಬಿಡಲಿಲ್ಲ.